ತಿದ್ದುವವರ ವ್ಯಾಕರಣ

ನಮ್ಮ ಓಲೆಗರಿಗಳ ಲಿಪಿಕಾರರು ಪ್ರತಿಯ ಕೊನೆಯಲ್ಲಿ, ತಪ್ಪಿದ್ದರೆ ತಿದ್ದಿಕೊಂಡು ಓದಬೇಕೆಂದು ಕೇಳಿಕೊಳ್ಳುವುದುಂಟು. ಈ ವಿನಯದ ಬೆಲೆ ತೆತ್ತವರು ಮುಂದಿನ ಕಾಲದ ಗ್ರಂಥಸಂಪಾದಕರು. ಓದಿದವರು ತಿದ್ದಿದರು, ತಿದ್ದಿದ್ದನ್ನು ಇನ್ನೊಬ್ಬರು ಪ್ರತಿ ಮಾಡಿದರು. ಯಾರು ತಿದ್ದಿದರು, ಏಕೆ ತಿದ್ದಿದರು ಎಂಬುದು ಬಹುಮಟ್ಟಿಗೆ ಉಳಿಯಲೇ ಇಲ್ಲ, ಉಳಿದದ್ದು ಪಾಠಾಂತರಗಳು. ತಿದ್ದುವ ಹಕ್ಕನ್ನು ಎಲ್ಲರಿಗೂ ಕೊಟ್ಟು, ತಿದ್ದಿದವರ ಹೊಣೆಯನ್ನೂ ಉಳಿಸಿಕೊಳ್ಳುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಿದ ಒಂದು ಪಠ್ಯ ಲಿನಕ್ಸ್ ಕರ್ನೆಲ್‌ನ ಜತೆಗೇ ಬರುತ್ತದೆ. ಅದರ ಹೆಸರು ‘ಸಬ್‌ಮಿಟಿಂಗ್ ಪ್ಯಾಚಸ್’, ಅಂದರೆ ತೇಪೆಗಳನ್ನು ಕಳಿಸುವ ಬಗೆ. ಅದನ್ನು ಸಾಹಿತ್ಯದ ವಿದ್ಯಾರ್ಥಿಗಳೂ ಓದಬೇಕು ಎಂಬುದು ನನ್ನ ವಾದ.

1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಶುರುಮಾಡಿದ ಈ ಕರ್ನೆಲ್ ಇಂದು ಆಂಡ್ರಾಯ್ಡ್ ಫೋನುಗಳ ಒಳಗೂ ಇದೆ. ಜಗತ್ತಿನ ಸಾವಿರಾರು ಜನ ಅದನ್ನು ತಿದ್ದುತ್ತಲೇ ಇರುತ್ತಾರೆ. ಹಾಗೆ ತಿದ್ದುವವರು ಪಾಲಿಸಬೇಕಾದ ರೀತಿನೀತಿ ಈ ಕೈಪಿಡಿಯಲ್ಲಿದೆ. ಮೊದಲ ನೋಟಕ್ಕೆ ಅದು ಕಚೇರಿಯ ಸುತ್ತೋಲೆಯ ಹಾಗೆ ಕಾಣುತ್ತದೆ: ಶೀರ್ಷಿಕೆ 70ರಿಂದ 75 ಅಕ್ಷರ ಮೀರಬಾರದು, ತಿದ್ದುಪಡಿಯನ್ನು ಅಡಕವಾಗಿ ಲಗತ್ತಿಸದೆ ಇಮೇಲಿನ ಒಡಲಲ್ಲೇ ಸರಳ ಪಠ್ಯವಾಗಿ ಕಳಿಸಬೇಕು, ಇತ್ಯಾದಿ. ಆದರೆ ಈ ಕೊನೆಯ ನಿಯಮಕ್ಕೆ ಕೊಟ್ಟಿರುವ ಕಾರಣ ನೋಡಿ. ಸರಳ ಪಠ್ಯವಾಗಿದ್ದರೆ ಓದುವವರು ಬೇಕಾದ ಸಾಲನ್ನು ಎತ್ತಿಕೊಂಡು ಅದರ ಕೆಳಗೇ ಟಿಪ್ಪಣಿ ಬರೆಯಬಹುದು. ಕೈಪಿಡಿಯ ನಿಯಮಗಳಲ್ಲಿ ಬಹುಪಾಲು ಹೀಗೆ ಬರೆಯುವವರ ಅನುಕೂಲವನ್ನು ಬಿಟ್ಟು ಓದುವವರ ಅನುಕೂಲವನ್ನು ಲೆಕ್ಕಕ್ಕೆ ತೆಗೆದುಕೊಂಡಿವೆ. ಇದು ಓದುಗರನ್ನು ಕೇಂದ್ರದಲ್ಲಿಟ್ಟ ಬರವಣಿಗೆಯ ಶಾಸ್ತ್ರ.

ನನಗೆ ಬಹಳ ಹಿಡಿಸಿದ್ದು ಅದರ ವ್ಯಾಕರಣದ ನಿಯಮ. ತಿದ್ದುಪಡಿಯ ವಿವರಣೆಯನ್ನು ವಿಧ್ಯರ್ಥದಲ್ಲಿ ಬರೆಯಬೇಕಂತೆ. ‘ನಾನು ಇದನ್ನು ಸರಿಪಡಿಸಿದೆ’ ಎಂದಾಗಲಿ, ‘ಈ ತೇಪೆ ಇದನ್ನು ಸರಿಪಡಿಸುತ್ತದೆ’ ಎಂದಾಗಲಿ ಬರೆಯಕೂಡದು. ಕೋಡಿಗೇ ಆಜ್ಞೆ ಕೊಟ್ಟ ಹಾಗೆ ‘ಇದನ್ನು ಸರಿಪಡಿಸು’ ಎನ್ನಬೇಕು. ಹೀಗೆ ಬರೆದಾಗ ‘ನಾನು’ ವಾಕ್ಯದಿಂದ ಹೊರಗೆ ಹೋಗುತ್ತದೆ. ಆದರೆ ಕೊನೆಯಲ್ಲಿ ತಪ್ಪದೆ ಮರಳಿ ಬರುತ್ತದೆ, ಸಹಿಯಾಗಿ. ‘ಸೈನ್ಡ್-ಆಫ್-ಬೈ’ ಎಂಬ ಸಾಲಿನಲ್ಲಿ ಕಳಿಸಿದವರು ಹೆಸರು ಹಾಕಬೇಕು. ಇದು ಬರಿಯ ರೂಢಿಯಲ್ಲ. ಎಸ್‌ಸಿಓ ಎಂಬ ಕಂಪನಿ 2003ರಲ್ಲಿ ಐಬಿಎಂ ಮೇಲೆ ದಾವೆ ಹೂಡಿ, ತನ್ನ ಕೋಡ್ ಲಿನಕ್ಸ್‌ನಲ್ಲಿ ಸೇರಿದೆ ಎಂದಿತು. ಯಾವ ಸಾಲು ಯಾರಿಂದ ಬಂತು ಎಂದು ತೋರಿಸಬೇಕಾದ ಒತ್ತಡದಲ್ಲಿ 2004ರಲ್ಲಿ ಈ ಸಹಿಯ ಪದ್ಧತಿ ಬಂತು. ಈ ಕೋಡನ್ನು ಕೊಡಲು ನನಗೆ ಹಕ್ಕಿದೆ ಎಂಬ ಘೋಷಣೆ ಆ ಒಂದು ಸಾಲಿನಲ್ಲಿದೆ. ವಚನಕಾರರ ಅಂಕಿತ ಹೇಳಿದ್ದನ್ನು ದೈವಕ್ಕೆ ಒಪ್ಪಿಸುತ್ತದೆ. ಈ ಅಂಕಿತ ಹೇಳಿದವರ ಕೊರಳಿಗೇ ಕಟ್ಟುತ್ತದೆ. ವಾಕ್ಯದಲ್ಲಿ ಅಹಂ ಇರಬಾರದು, ಹೊಣೆ ಇರಬೇಕು ಎಂಬುದನ್ನು ಇಷ್ಟು ಚೊಕ್ಕವಾಗಿ ಹೇಳಿದ ಶೈಲಿಯ ಕೈಪಿಡಿಯನ್ನು ನಾನು ಬೇರೆ ಕಂಡಿಲ್ಲ.

ಎರಡನೆಯ ಮುಖ್ಯ ನಿಯಮ: ಒಂದು ತೇಪೆಗೆ ಒಂದೇ ಕೆಲಸ. ದೊಡ್ಡ ಬದಲಾವಣೆಯನ್ನು ಸರಣಿಯಾಗಿ ಒಡೆಯಬೇಕು, ಸರಣಿಯ ಪ್ರತಿ ಹಂತದಲ್ಲೂ ಕರ್ನೆಲ್ ಓಡುತ್ತಿರಬೇಕು. ಏಕೆಂದರೆ ಮುಂದೊಂದು ದಿನ ಏನಾದರೂ ಕೆಟ್ಟರೆ, ಯಾವ ತಿದ್ದುಪಡಿಯಿಂದ ಕೆಟ್ಟಿತೆಂದು ಹುಡುಕಲು ಇತಿಹಾಸವನ್ನು ಅರ್ಧರ್ಧ ಮಾಡುತ್ತಾ ಹೋಗುತ್ತಾರೆ. 2005ರಲ್ಲಿ ಟೊರ್ವಾಲ್ಡ್ಸ್ ಬರೆದ ‘ಗಿಟ್’ನಲ್ಲಿ ಇದಕ್ಕೆಂದೇ ‘ಬೈಸೆಕ್ಟ್’ ಎಂಬ ಆಜ್ಞೆಯಿದೆ. ಹೀಗೆ ಹುಡುಕಿದರೆ 1,024 ತಿದ್ದುಪಡಿಗಳಲ್ಲಿ ತಪ್ಪಿನದು ಯಾವುದೆಂದು ಹತ್ತೇ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ನಡುವೆ ಎಲ್ಲೋ ಓಡದ ಹಂತವಿದ್ದರೆ ಹುಡುಕಾಟ ಅಲ್ಲೇ ಮುಗ್ಗರಿಸುತ್ತದೆ. ಅಂದರೆ ಇಂದಿನ ಶಿಸ್ತು ಇರುವುದು ಇನ್ನೂ ಹುಟ್ಟದ ತಪ್ಪೊಂದನ್ನು ಹುಡುಕುವ, ಯಾರೆಂದೇ ತಿಳಿಯದ ಓದುಗರಿಗಾಗಿ. ನಮ್ಮ ಲಿಪಿಕಾರರ ಪರಂಪರೆಗೆ ಒದಗದೆ ಹೋದದ್ದು ಇದೇ.

ಇಷ್ಟು ಮೆಚ್ಚಿದ ಮೇಲೂ ಈ ಪಠ್ಯದೊಳಗಿನ ಅಧಿಕಾರದ ಓರೆ ಕಾಣದಿರುವುದಿಲ್ಲ. ಪರಿಶೀಲನೆ ಬಳಲಿಸುವ ಕೆಲಸ, ಪರಿಶೀಲಿಸುವವರು ಕೆಲವೊಮ್ಮೆ ಸಿಡಿಮಿಡಿಗೊಳ್ಳುತ್ತಾರೆ, ಆಗಲೂ ನೀವು ಸಭ್ಯವಾಗಿಯೇ ಉತ್ತರಿಸಿ ಎಂಬರ್ಥದ ಮಾತು ಅದರಲ್ಲಿದೆ. ಪ್ರಾಮಾಣಿಕವಾದ ಮಾತೇ. ಆದರೆ ತಾಳ್ಮೆಯ ಭಾರವನ್ನು ಬಾಗಿಲಲ್ಲಿ ನಿಂತವರ ಮೇಲೆ ಹೊರಿಸಿ, ಬಾಗಿಲು ಕಾಯುವವರ ಕೋಪವನ್ನು ಮಳೆ ಬಿಸಿಲಿನಂತೆ ಸಹಜವೆಂದು ಒಪ್ಪಿಕೊಳ್ಳುತ್ತದೆ. ಆ ಕೋಪ ಸಹಜವಲ್ಲ ಎಂದು 2018ರ ಸೆಪ್ಟೆಂಬರಿನಲ್ಲಿ ಸ್ವತಃ ಟೊರ್ವಾಲ್ಡ್ಸ್ ಒಪ್ಪಿ ಕ್ಷಮೆ ಕೇಳಿದರು, ಕೆಲಕಾಲ ಕೆಲಸದಿಂದ ದೂರ ಉಳಿದರು. ಅದೇ ಸಮಯದಲ್ಲಿ ಕರ್ನೆಲ್‌ಗೆ ಹೊಸ ನಡತೆಯ ಸಂಹಿತೆಯೊಂದು ಬಂತು. ಶಿಷ್ಟಾಚಾರ ಎರಡೂ ಕಡೆಯವರದ್ದು ಎಂದು ಹೇಳಲು ಇನ್ನೊಂದು ಪಠ್ಯವೇ ಬೇಕಾಯಿತು.

ಇನ್ನೂ ಕಠಿಣವಾದ ಪ್ರಶ್ನೆ: ನಿಯಮ ಪಾಲಿಸಿಯೂ ಮೋಸ ಮಾಡಿದರೆ? ಮಿನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು, ಪರಿಶೀಲಿಸುವವರ ಕಣ್ಣಿಗೆ ಬೀಳುತ್ತದೆಯೇ ಎಂದು ನೋಡಲು, ಬೇಕೆಂದೇ ದೋಷವಿಟ್ಟ ತೇಪೆಗಳನ್ನು ಕಳಿಸಿದ್ದರು. ಅವು ಕರ್ನೆಲ್‌ಗೆ ಸೇರದಂತೆ ತಡೆದಿದ್ದೆವು ಎಂಬುದು ಅವರ ಸಮಜಾಯಿಷಿ. 2021ರ ಏಪ್ರಿಲ್‌ನಲ್ಲಿ ಗ್ರೆಗ್ ಕ್ರೋಹ್-ಹಾರ್ಟ್‌ಮನ್ ಆ ವಿಶ್ವವಿದ್ಯಾಲಯದ ಕೊಡುಗೆಗಳನ್ನೇ ನಿರಾಕರಿಸುವುದಾಗಿ ಹೇಳಿದರು. ಸಂಶೋಧಕರು ತಮ್ಮ ಪ್ರಬಂಧವನ್ನು ಹಿಂತೆಗೆದುಕೊಂಡರು. ಸಂಶೋಧನೆ ಮಾಡುತ್ತಿರುವ ನನಗೆ ಈ ಪ್ರಸಂಗ ಚುಚ್ಚುತ್ತದೆ. ಪುಕ್ಕಟೆಯಾಗಿ ಸಿಕ್ಕ ಓದುಗರ ಗಮನವನ್ನು ಅವರಿಗೆ ಹೇಳದೆ ಪ್ರಯೋಗದ ವಸ್ತುವಾಗಿ ಮಾಡಿದ್ದೇ ಅಲ್ಲಿನ ಅಪಚಾರ. ಕೋಡಿನ ದೋಷ ಆಮೇಲಿನ ಮಾತು.

ಬೇರೆಯದೇ ಯೋಜನೆಯಾದ ‘ಎಕ್ಸ್‌ಝಡ್’ನಲ್ಲಿ 2024ರಲ್ಲಿ ಬಯಲಾದದ್ದು ಇದಕ್ಕಿಂತ ಘೋರ. ಜಿಯಾ ಟಾನ್ ಎಂಬ ಹೆಸರಿನಲ್ಲಿ ಯಾರೋ ಎರಡು ವರ್ಷಕ್ಕೂ ಹೆಚ್ಚು ಕಾಲ ಸಭ್ಯವಾಗಿ, ಉಪಯುಕ್ತವಾದ ತಿದ್ದುಪಡಿಗಳನ್ನು ಕಳಿಸಿ ನಂಬಿಕೆ ಗಳಿಸಿ, ಕೊನೆಗೆ ಕಳ್ಳಬಾಗಿಲನ್ನು ಇಟ್ಟರು. ಆ ಮೊದಲು, ಬಿಡುವಿನಲ್ಲಿ ಯೋಜನೆಯನ್ನು ನೋಡಿಕೊಳ್ಳುತ್ತಿದ್ದವರನ್ನು ಬೇರೆ ಬೇರೆ ಹೆಸರುಗಳು ‘ಏಕೆ ಇಷ್ಟು ತಡ?’ ಎಂದು ಕಾಡಿದ್ದವು. ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆ ಎಂದು ಗಮನಿಸಿದ ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್ ಅದನ್ನು ಪತ್ತೆ ಮಾಡಿದರು. ಇದನ್ನು ತಿಳಿದು ಮತ್ತೆ ಕರ್ನೆಲ್‌ನ ಕೈಪಿಡಿಗೆ ಮರಳಿದರೆ, ಮತ್ತೆ ಕೇಳುವ ಮುನ್ನ ಕನಿಷ್ಠ ಒಂದು ವಾರ ಕಾಯಿರಿ ಎಂಬ ಸಾಲು ಬೇರೆಯೇ ಆಗಿ ಓದಿಸಿಕೊಳ್ಳುತ್ತದೆ. ಕಾಯುವುದು ಮರ್ಯಾದೆಗಷ್ಟೇ ಅಲ್ಲ. ಅವಸರಕ್ಕೆ ಮಣಿಯದೆ ಓದುವ ಹಕ್ಕನ್ನು ಅದು ಓದುವವರಿಗೆ ಕಾಪಾಡಿಕೊಡುತ್ತದೆ.

ಹಾಗಾಗಿ ನನ್ನ ತೀರ್ಮಾನ ಇಷ್ಟು. ಈ ಕೈಪಿಡಿ ಒಳ್ಳೆಯ ಮನಸ್ಸನ್ನು ಖಾತರಿಪಡಿಸಲಾರದು; ಯಾವ ಶಿಷ್ಟಾಚಾರವೂ ಖಾತರಿಪಡಿಸದು. ಅದು ಮಾಡಬಲ್ಲದ್ದು, ಪ್ರತಿ ತಿದ್ದುಪಡಿಯ ಪಕ್ಕದಲ್ಲಿ ಒಂದು ‘ಏಕೆ’ ಮತ್ತು ಒಂದು ಹೆಸರನ್ನು ಉಳಿಸುವುದು. ಮೋಸ ಬಯಲಾದ ದಿನ ಹಿಂದಕ್ಕೆ ನಡೆದು ಹುಡುಕಲು ದಾರಿಯಾಗುವುದು ಅವೇ. ನಮ್ಮಲ್ಲಿ ಹಸ್ತಪ್ರತಿ ತಿದ್ದುವವರು, ಅನುವಾದ ನೋಡುವವರು, ಪ್ರಬಂಧದ ಅಂಚಿನಲ್ಲಿ ಕೆಂಪು ಗೆರೆ ಎಳೆಯುವವರು ಬಹಳ ಜನ ಇದ್ದಾರೆ. ಗೆರೆಯ ಪಕ್ಕದಲ್ಲಿ ಕಾರಣ ಬರೆಯುವವರು ಕಡಿಮೆ.