ಸಂಗ್ರಹಪಾಲಕನ ಧರ್ಮ

ಕ್ಯೂರೇಟರೆಂದು ಕರೆಯಲ್ಪಡುವ ವಸ್ತುಸಂಗ್ರಹಾಲಯದ ಸಂಗ್ರಹಪಾಲಕನ ಕೆಲಸವು ಲೋಕದ ದೃಷ್ಟಿಗೆ ಉಗ್ರಾಣಿಯ ಕೆಲಸದಂತೆ ತೋರುವುದು. ಬಂದ ವಸ್ತುವಿಗೆ ಅಂಕೆ ಕೊಡುವುದು, ಅಳತೆ ಬರೆಯುವುದು, ಹುಳುವಿನಿಂದಲೂ ತೇವದಿಂದಲೂ ಕಾಪಾಡುವುದು, ಪಟ್ಟಿಯನ್ನು ಸಿದ್ಧಪಡಿಸುವುದು, ಇವು ಅವನ ನಿತ್ಯಕರ್ಮಗಳು. ಈ ಕರ್ಮಗಳಿಗೆ ಮೂಲವಾದ ಧರ್ಮವಾವುದೆಂಬುದನ್ನು ಆ ವೃತ್ತಿಯಲ್ಲಿದ್ದವರೇ ವಿಚಾರಿಸಿ ಬರೆದ ಬರೆಹಗಳಲ್ಲಿ ಆನಂದ ಕುಮಾರಸ್ವಾಮಿಯವರ ‘ಕಲಾಕೃತಿಗಳನ್ನು ಪ್ರದರ್ಶಿಸುವುದೇಕೆ?’ ಎಂಬರ್ಥದ ಇಂಗ್ಲಿಷ್ ಪ್ರಬಂಧವು ಗಣ್ಯವಾದುದು.

೧೮೭೭ರಲ್ಲಿ ಕೊಲಂಬೊ ನಗರದಲ್ಲಿ ಜನಿಸಿದ ಕುಮಾರಸ್ವಾಮಿಯವರು ಮೊದಲು ಭೂವಿಜ್ಞಾನಿಗಳಾಗಿದ್ದು, ಅನಂತರ ಕಲಾವಿಚಾರಕ್ಕೆ ತಿರುಗಿದರು. ತಾವು ಕೂಡಿಸಿದ ಚಿತ್ರಾದಿ ಸಂಗ್ರಹವು ಕಾಶಿಯಲ್ಲಿ ಒಂದು ರಾಷ್ಟ್ರೀಯ ಸಂಗ್ರಹಾಲಯಕ್ಕೆ ಬೀಜವಾಗಲೆಂಬುದು ಅವರ ಅಭಿಲಾಷೆಯಾಗಿತ್ತು. ಅದು ಕೈಗೂಡಲಿಲ್ಲ. ೧೯೧೭ರಲ್ಲಿ ಆ ಸಂಗ್ರಹವು ಅಮೆರಿಕದ ಬಾಸ್ಟನ್ ನಗರದ ಲಲಿತಕಲಾ ಸಂಗ್ರಹಾಲಯವನ್ನು ಸೇರಿತು. ಅವರೂ ಅದರೊಡನೆ ಹೋಗಿ, ೧೯೪೭ರಲ್ಲಿ ದಿವಂಗತರಾಗುವವರೆಗೂ ಅಲ್ಲಿಯೇ ಸೇವೆಯಲ್ಲಿದ್ದರು.

೧೯೪೧ರಲ್ಲಿ ಅಮೆರಿಕದ ಸಂಗ್ರಹಾಲಯಗಳ ಸಂಘದ ಮುಂದೆ ಅವರು ಮಾಡಿದ ಉಪನ್ಯಾಸವೇ ಈ ಪ್ರಬಂಧ. ಅದರ ಸಾರವಿಷ್ಟು: ಸಂಗ್ರಹಾಲಯದಲ್ಲಿರುವ ಪ್ರಾಚೀನ ವಸ್ತುಗಳಲ್ಲಿ ಯಾವುದೂ ಪ್ರದರ್ಶನಕ್ಕಾಗಿ ಹುಟ್ಟಿದುದಲ್ಲ. ಕೊಡವು ನೀರಿಗಾಗಿ, ಖಡ್ಗವು ಯುದ್ಧಕ್ಕಾಗಿ, ವಿಗ್ರಹವು ಪೂಜೆಗಾಗಿ ನಿರ್ಮಿತವಾದುವು. ಪ್ರಯೋಜನವನ್ನರಿಯದೆ ರೂಪವನ್ನು ಮಾತ್ರ ಮೆಚ್ಚುವುದು ಅರ್ಥವನ್ನು ಬಿಟ್ಟು ಶಬ್ದವನ್ನು ಮಾತ್ರ ಕೇಳಿದಂತೆ. ಆದುದರಿಂದ ನೋಡುವವರ ಕಣ್ಣನ್ನು ತಣಿಸುವುದಲ್ಲ, ಮಾಡಿದವನ ಮನಸ್ಸನ್ನು ಅವರಿಗೆ ತಿಳಿಸುವುದೇ ಪಾಲಕನ ಕರ್ತವ್ಯ.

ಈ ಸಿದ್ಧಾಂತವು ಕೇವಲ ವಾಗ್ವಾದವಲ್ಲ. ಬಾಸ್ಟನ್ ಸಂಗ್ರಹಗಳಿಗೆ ೧೯೨೩ರಿಂದ ಅವರು ಭಾಗಭಾಗವಾಗಿ ರಚಿಸಿದ ಪಟ್ಟಿಯ ಶ್ರಮವೂ, ‘ಅಭಿನಯದರ್ಪಣ’ದಂತಹ ಶಾಸ್ತ್ರವನ್ನು ಭಾಷಾಂತರಿಸಿದ ಪಾಂಡಿತ್ಯವೂ ಇದರ ಹಿಂದೆ ನಿಂತಿವೆ. ಆದರೂ ಒಂದು ಶಂಕೆ ಉಳಿಯುವುದು: ಅರ್ಥವನ್ನು ತಿಳಿಸಿದ ಮಾತ್ರಕ್ಕೆ ಪಾಲಕನು ಋಣಮುಕ್ತನಾಗುವನೆ?

ಈ ಶಂಕೆಯನ್ನು ಪರೀಕ್ಷಿಸಲು ಕನ್ನಡನಾಡಿನಲ್ಲಿಯೇ ಒಂದು ಕಲ್ಲುಂಟು. ಮದ್ದೂರಿನ ಬಳಿಯ ಆತಕೂರಿನಲ್ಲಿ, ಕ್ರಿ. ಶ. ೯೪೯-೫೦ರ ಸುಮಾರಿನಲ್ಲಿ, ಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ನಾಯಿಯ ಸ್ಮರಣೆಗಾಗಿ ಅದರ ಒಡೆಯ ಮಣಲೇರನು ನಿಲ್ಲಿಸಿದ ಶಿಲೆಯದು. ಈಗ ಅದು ೧೮೬೫ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಚೋಳರೊಡನೆ ನಡೆದ ತಕ್ಕೋಲದ ಯುದ್ಧದ ಉಲ್ಲೇಖಕ್ಕಾಗಿ ಇತಿಹಾಸಜ್ಞರು ಅದನ್ನು ಆದರಿಸುವರು. ನಾಯಿ ಹಂದಿಗಳ ಕೆತ್ತನೆಯನ್ನು ಬಂದವರು ನಿಂತು ನೋಡುವರು. ಆದರೆ ಶಾಸನವು ಇನ್ನೊಂದು ಮಾತನ್ನೂ ಹೇಳುತ್ತದೆ: ಅಲ್ಲಿಯ ಗೊರವನು ಈ ಕಲ್ಲನ್ನು ಪೂಜಿಸದೆ ಉಣ್ಣಬಾರದು; ಉಂಡರೆ ಅವನಿಗೆ ಪಾಪವು ತಗಲುವುದು.

ಕುಮಾರಸ್ವಾಮಿಯವರ ತತ್ತ್ವದಂತೆ ಈ ವಿಧಿಯನ್ನು ಫಲಕದಲ್ಲಿ ಬರೆದರೆ ನೋಡುವವರಿಗೆ ಜ್ಞಾನವುಂಟಾಗುವುದು ನಿಜ, ಕಲ್ಲಿಗೆ ಪೂಜೆಯಾಗದು. ಪೂಜಿಸಬೇಕಾದವನೂ ಇಲ್ಲ, ಪೂಜೆಯ ಸ್ಥಳವೂ ಅದಲ್ಲ. ವಸ್ತುವಿನ ಅರ್ಥವನ್ನು ಇಷ್ಟು ಆಳವಾಗಿ ವಿಚಾರಿಸಿದ ಪ್ರಬಂಧದಲ್ಲಿ, ಅದು ತನ್ನ ನೆಲೆಯನ್ನು ಬಿಟ್ಟು ಬಂದ ದಾರಿಗೆ ಪ್ರಾಧಾನ್ಯವಿಲ್ಲ. ತಮ್ಮ ಸಂಗ್ರಹವೇ ಕಾಶಿಯನ್ನು ಸೇರದೆ ಕಡಲಾಚೆ ಹೋದುದನ್ನು ಕಂಡವರಿಂದ ಈ ಭಾಗವನ್ನು ಅಪೇಕ್ಷಿಸುವುದು ಅನುಚಿತವಲ್ಲ.

ಇದು ಸಿದ್ಧಾಂತದ ಖಂಡನೆಯಲ್ಲ, ಅದರ ಶೇಷಪೂರಣ. ವಸ್ತುವಿಗೆ ಒಂದು ಪ್ರಯೋಜನವಿದ್ದಿತೆಂದು ತಿಳಿಸುವವನು, ಆ ಪ್ರಯೋಜನವು ಎಲ್ಲಿ ನಿಂತಿತೆಂಬುದನ್ನೂ ತಿಳಿಸತಕ್ಕದ್ದು. ಪಟ್ಟಿಯಲ್ಲಿ ಕಲ್ಲಿನ ಎತ್ತರ ಅಗಲಗಳ ಜೊತೆಗೆ, ಯಾವ ಊರಿನಿಂದ, ಯಾವ ದೇವಾಲಯದ ಎದುರಿನಿಂದ ಬಂದಿತು, ಅಲ್ಲಿಯವರಿಗೆ ಅದು ಏನಾಗಿತ್ತು ಎಂಬುದೂ ಇರಬೇಕು. ಗೊರವನ ಪೂಜೆ ಪಾಲಕನಿಗೆ ವಿಹಿತವಲ್ಲ. ಆದರೆ ಉಣ್ಣುವ ಮುನ್ನ ಒಮ್ಮೆ ಕಲ್ಲನ್ನು ನೋಡಿ ಬರುವ ಆ ದಿನದಿನದ ಎಚ್ಚರವು ಅವನಿಗೂ ವಿಹಿತವೇ.