ಸ್ವಾಮಿ ಸುಟ್ಟ ಟೋಪಿ

ಶಂಕರನಾಗ್ 1980ರ ದಶಕದಲ್ಲಿ ದೂರದರ್ಶನಕ್ಕೆ ಮಾಡಿದ 'ಮಾಲ್ಗುಡಿ ಡೇಸ್' ನಮ್ಮ ಬೈಂದೂರಿಗೇನೂ ದೂರದ್ದಲ್ಲ. ಚಿತ್ರೀಕರಣ ಘಟ್ಟದ ಮೇಲಿನ ಆಗುಂಬೆಯಲ್ಲೇ. ಆರ್.ಕೆ. ನಾರಾಯಣರ ಸ್ವಾಮಿ ಟೋಪಿಯನ್ನು ಬೆಂಕಿಗೆಸೆಯುತ್ತಾನೆ, ಶಾಲೆಯ ಗಾಜು ಒಡೆಯುತ್ತಾನೆ. ಮಕ್ಕಳ ಮಟ್ಟಿಗೆ ದೇಶ ಅಂದರೆ ಬ್ರಿಟಿಷರ ಮೇಲಿನ ಸಿಟ್ಟು, ಅಷ್ಟೆ. ಕಾದಂಬರಿಯಲ್ಲಿ ಈ ಗಲಾಟೆ ನಡೆಯುವುದು 1930ರಲ್ಲಿ. ಅದೇ ವರ್ಷ ಮಾರ್ಚಿನಲ್ಲಿ ಅಂಬೇಡ್ಕರ್ ನಾಸಿಕದ ಕಾಳಾರಾಮ ದೇವಸ್ಥಾನದೆದುರು ಸತ್ಯಾಗ್ರಹ ಹೂಡಿದ್ದರು. ಮಾಲ್ಗುಡಿಯಲ್ಲಿ ಆ ಬಾಗಿಲು ಎಲ್ಲುಂಟು? ಬಾಲಕ ಭೀಮರಾಯನ ಹಾಗೆ ಗೋಣಿತಾಟಿನ ಮೇಲೆ ಬೇರೆ ಕೂತ ಹುಡುಗ ಸ್ವಾಮಿಯ ತರಗತಿಯಲ್ಲಿ ಕಾಣುವುದಿಲ್ಲ. ಮಾಸ್ಟರ್ ಮಂಜುನಾಥನ ಅಭಿನಯ ಚೆಂದವೇ, ಅದಕ್ಕೆ ತಕರಾರಿಲ್ಲ. ಆದರೆ ಟಿವಿ ಮುಂದೆ ಕೂತ ಕೊರಗರ ಮಗು ಆ ಬೆಂಕಿಗೆ ಎಂತ ಹಾಕಬೇಕು ಹೇಳಿ? ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವ ಅಜಲು ಪದ್ಧತಿಯನ್ನು ನಿಷೇಧಿಸುವ ಕಾನೂನು ಬಂದದ್ದೇ 2000ದಲ್ಲಿ. ಬ್ರಿಟಿಷರು ಹೋಗಿ ಆಗಲೇ 53 ವರ್ಷ.