ಮಾರುತ್‌ನ ನಡು

ಪುಣೆಯ ಕಮಲಾ ನೆಹರೂ ಪಾರ್ಕಿನಲ್ಲಿ ಬೆಂಗಳೂರಿನದೊಂದು ಯುದ್ಧವಿಮಾನ ನಿಂತಿದೆ. ಹಿಂಜವಾಡಿಯಲ್ಲಿ ದುಡಿಯುವ ನಮ್ಮ ಕನ್ನಡದ ಹುಡುಗರಲ್ಲಿ ಬಹಳ ಮಂದಿಗೆ ಇದು ಗೊತ್ತಿಲ್ಲ. ವಾರವಿಡೀ ವಾಕಡ್ ಸೇತುವೆಯ ಜಾಮಿನಲ್ಲಿ ಸುಸ್ತಾದವರಿಗೆ ಭಾನುವಾರ ಮತ್ತೆ ಊರೊಳಗೆ ಗಾಡಿ ಹೊಡೆಯುವ ಹುರುಪು ಎಲ್ಲಿಂದ ಬರಬೇಕು? ಆದರೂ ಒಮ್ಮೆ ಹೋಗಬೇಕು. ಅದು ಎಚ್‌ಎಫ್-24 ಮಾರುತ್. ನಮ್ಮ ದೇಶದಲ್ಲಿ ರೂಪುಗೊಂಡ ಮೊದಲ ಜೆಟ್ ಯುದ್ಧವಿಮಾನ, ಹುಟ್ಟಿದ್ದು ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯಲ್ಲಿ.

ಎದುರಿಗೆ ನಿಂತು ಫೋಟೊ ತೆಗೆದುಕೊಂಡು ಬಂದರೆ ಏನೂ ನೋಡಿದಂತಾಗುವುದಿಲ್ಲ. ಪಕ್ಕಕ್ಕೆ ಸರಿದು, ಹತ್ತಿಪ್ಪತ್ತು ಹೆಜ್ಜೆ ಹಿಂದೆ ನಿಂತು, ಮೂಗಿನಿಂದ ಬಾಲದವರೆಗೆ ಕಣ್ಣು ನಿಧಾನವಾಗಿ ಹರಿಸಬೇಕು. ಚೂಪು ಮೂಗು, ಪೈಲಟ್ ಕೂರುವಲ್ಲಿ ಮೈ ತುಸು ತುಂಬಿಕೊಳ್ಳುತ್ತದೆ, ಅಕ್ಕಪಕ್ಕ ಗಾಳಿ ಎಳೆದುಕೊಳ್ಳುವ ಎರಡು ಬಾಯಿಗಳು, ಅವುಗಳಲ್ಲಿ ಅರ್ಧ ಸೀಳಿದ ಶಂಕುಗಳು. ಆಮೇಲೆ ರೆಕ್ಕೆ ಹೊರಡುವ ಕಡೆ ಮೈ ಒಳಕ್ಕೆ ಸರಿಯುತ್ತದೆ. ರೆಕ್ಕೆ ಮುಗಿಯುತ್ತಿದ್ದಂತೆ ಮತ್ತೆ ತುಂಬಿಕೊಳ್ಳುತ್ತದೆ. ಆ ಸಣ್ಣ ನಡುವನ್ನು ಕಂಡು ಬೇಲೂರಿನ ಮದನಿಕೆಯನ್ನು ನೆನೆಯುವ ಆಸೆ ಯಾರಿಗಾದರೂ ಆದೀತು. ಬೇಡ. ಮದನಿಕೆ ನೋಡುವವರಿಗಾಗಿ ನಡು ಬಳುಕಿಸಿದಳು; ಇದು ಗಾಳಿಗಾಗಿ ನಡು ಸಣ್ಣಗೆ ಮಾಡಿಕೊಂಡಿದೆ.

ಕಾರಣ ಇಷ್ಟೆ. ವಿಮಾನ ಶಬ್ದದ ವೇಗಕ್ಕೆ ಹತ್ತಿರವಾದಾಗ ಗಾಳಿ ವಿಪರೀತ ಅಡ್ಡಗಟ್ಟುತ್ತದೆ. ಮೂಗಿನಿಂದ ಬಾಲದವರೆಗೆ ಎಲ್ಲಿ ಅಡ್ಡ ಕೊಯ್ದು ನೋಡಿದರೂ ವಿಸ್ತೀರ್ಣ ಥಟ್ಟನೆ ಏರಬಾರದು, ಥಟ್ಟನೆ ಇಳಿಯಬಾರದು. ಆಗ ತಡೆ ಕಡಿಮೆ. ರೆಕ್ಕೆಯಿಂದ ಕೂಡಿದ್ದನ್ನು ಮೈಯಿಂದ ಕಳೆಯಬೇಕು. ಅಮೆರಿಕದ ರಿಚರ್ಡ್ ವಿಟ್‌ಕೊಂಬ್ 1950ರ ದಶಕದ ಆರಂಭದಲ್ಲಿ ಇದನ್ನು ತೋರಿಸಿಕೊಟ್ಟಿದ್ದ. ಕೆಲವೇ ವರ್ಷಗಳಲ್ಲಿ ಆ ಲೆಕ್ಕ ಬೆಂಗಳೂರಿನ ಅಲ್ಯೂಮಿನಿಯಂ ತಗಡಿಗೆ ಇಳಿಯಿತು.

ಇಳಿಸಿದವರ ಮುಂದಾಳು ಕುರ್ಟ್ ಟ್ಯಾಂಕ್. ಎರಡನೇ ಮಹಾಯುದ್ಧದಲ್ಲಿ ಜರ್ಮನರ ಫೋಕೆ-ವುಲ್ಫ್ 190 ರೂಪಿಸಿದಾತ, ಯುದ್ಧ ಮುಗಿದ ಮೇಲೆ ಅರ್ಜೆಂಟೀನಾ ಸುತ್ತಿ 1956ರಲ್ಲಿ ಬೆಂಗಳೂರಿಗೆ ಬಂದ. ಇಂದು ಹಿಂಜವಾಡಿಯ ಕಚೇರಿಗಳಲ್ಲಿ ಪರದೇಶದ ವಿಮಾನಗಳ ಬಿಡಿಭಾಗಗಳನ್ನು ಪರದೆಯ ಮೇಲೆ ತಿರುಗಿಸಿ ನೋಡುವವರಿಗೆ ಮುಂದಿನ ಸಂಗತಿ ಮೋಜೆನಿಸಬಹುದು. ಟ್ಯಾಂಕ್‌ನ ತಂಡ ಮೊದಲು ಇಡೀ ವಿಮಾನವನ್ನು ಅದೇ ಅಳತೆಯಲ್ಲಿ, ಅದೇ ಆಕಾರದಲ್ಲಿ ಮರದಲ್ಲೇ ಕಟ್ಟಿತು. ಎಂಜಿನ್ ಇಲ್ಲದ ಆ ಗ್ಲೈಡರನ್ನು 1959ರಲ್ಲಿ ಡಕೋಟಾ ವಿಮಾನಕ್ಕೆ ಕಟ್ಟಿ ಮೇಲಕ್ಕೆಳೆದು ಬಿಟ್ಟರು. ಬಡಗಿಯ ಕೈಯಲ್ಲಿ ಆಕಾರ ಸರಿ ಎಂದು ಗೊತ್ತಾದ ಮೇಲೆಯೇ ಲೋಹದ ಮಾರುತ್. 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ಅದನ್ನು ಮೊದಲ ಸಲ ಹಾರಿಸಿದರು.

ಮಾರುತ್ ಹುಟ್ಟಿದ ಎಚ್‌ಎಎಲ್ ಕಾರ್ಖಾನೆಗೂ ನಮ್ಮ ಈ ಪುಣೆ ಸೀಮೆಗೂ ನಂಟಿದೆ. 1940ರ ಡಿಸೆಂಬರಿನಲ್ಲಿ ಅದನ್ನು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಎಂಬ ಹೆಸರಿನಲ್ಲಿ ಶುರುಮಾಡಿದ ವಾಲಚಂದ್ ಹೀರಾಚಂದ್ ಸೊಲ್ಲಾಪುರದಲ್ಲಿ ಹುಟ್ಟಿದವರು. ಪುಣೆ ಜಿಲ್ಲೆಯ ವಾಲಚಂದನಗರ ಅವರ ಹೆಸರಿನದೇ. ಮೈಸೂರು ಸಂಸ್ಥಾನ 700 ಎಕರೆ ಜಾಗ ಕೊಟ್ಟು, 25 ಲಕ್ಷ ರೂಪಾಯಿ ಬಂಡವಾಳವನ್ನೂ ಹಾಕಿತು. ಯುದ್ಧಕಾಲದಲ್ಲಿ ನೀರಿನ ಮೇಲಿಳಿಯುವ ಕ್ಯಾಟಲಿನಾ ವಿಮಾನಗಳು ದುರಸ್ತಿಗೆಂದು ಬಂದು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಹೌದು, ನೊರೆಗೂ ಬೆಂಕಿಗೂ ಸುದ್ದಿಯಾದ ಅದೇ ಕೆರೆ.

ಮಾರುತ್‌ನ ಹಣೆಬರಹ ಮಾತ್ರ, ಅದರ ಎಂಜಿನ್‌ನಿಂದಾಗಿ, ದೂರದೊಂದು ಹಳ್ಳಿಯ ಕಡೆ ಬರೆದದ್ದು. ಇಂಗ್ಲೆಂಡಿನ ಬ್ರಿಸ್ಟಲ್ ಮಗ್ಗುಲಿನ ಫಿಲ್ಟನ್‌ನಲ್ಲಿ, ಟ್ರಾಂ ಕಂಪನಿಯ ಯಜಮಾನ ಜಾರ್ಜ್ ವೈಟ್ 1910ರಲ್ಲಿ ತನ್ನ ಕಂಪನಿಯ ಶೆಡ್ಡುಗಳಲ್ಲೇ ವಿಮಾನ ಕಟ್ಟಲು ಕೂತ. ಮುಂದೆ ಆ ಹಳ್ಳಿ ವಿಮಾನಗಳಿಗೇ ಮೀಸಲಾಯಿತು. ಬ್ರಾಬಜಾನ್ ಎಂಬ ದೈತ್ಯ ವಿಮಾನಕ್ಕಾಗಿ ರನ್‌ವೇ ಉದ್ದ ಮಾಡುವಾಗ ಪಕ್ಕದ ಚಾರ್ಲ್‌ಟನ್ ಹಳ್ಳಿಯನ್ನೇ ಕೆಡವಿದರು; 1949ರಲ್ಲಿ ಹಾರಿದ ಬ್ರಾಬಜಾನ್ ಒಂದೇ ಒಂದು, ಅದೂ ನಾಲ್ಕು ವರ್ಷದಲ್ಲಿ ಗುಜರಿಗೆ ಹೋಯಿತು. ಬ್ರಿಟನ್ನಿನ ಕಾಂಕಾರ್ಡ್‌ಗಳು ಎದ್ದದ್ದು ಅದೇ ರನ್‌ವೇಯಿಂದ ಎಂಬುದು ಸಮಾಧಾನ, ಮನೆ ಕಳೆದುಕೊಂಡವರಿಗೆ ಎಷ್ಟರ ಮಟ್ಟಿಗೋ.

ಫಿಲ್ಟನ್‌ಗೆ ಅಂಟಿಕೊಂಡ ಪ್ಯಾಚ್‌ವೇಯಲ್ಲಿ, ವೈಟ್ ಹುಟ್ಟುಹಾಕಿದ ಬ್ರಿಸ್ಟಲ್ ಕಂಪನಿಯ ಎಂಜಿನ್ ಕಾರ್ಖಾನೆ ಇತ್ತು. ಆರ್ಫಿಯಸ್ ಎಂಬ ಜೆಟ್ ಎಂಜಿನ್ ಅಲ್ಲಿನದು. ಟ್ಯಾಂಕ್ ಮಾರುತ್‌ನ ಗೆರೆ ಎಳೆದದ್ದು ಅದರ ಬಲವಾದ ತಳಿ, ಆರ್ಫಿಯಸ್ 12ನ್ನು ನಂಬಿ. ಅದು ಹಿಂಬದಿಯ ಕೊಳವೆಯಲ್ಲಿ ಇನ್ನೊಮ್ಮೆ ಇಂಧನ ಉರಿಸಿ 8,170 ಪೌಂಡ್ ಬಲದಿಂದ ತಳ್ಳಬೇಕಿತ್ತು. ಬ್ರಿಟಿಷ್ ಸರ್ಕಾರ ಕೈಬಿಟ್ಟಿತು. ಮುಂದಿನ ಖರ್ಚು ನೀವು ಕೊಡಿ ಎಂದರೆ ದಿಲ್ಲಿ ಒಪ್ಪಲಿಲ್ಲ. ಸಿಕ್ಕಿದ್ದು 4,850 ಪೌಂಡಿನ ಆರ್ಫಿಯಸ್ 703. ಬೆಂಗಳೂರಿನಲ್ಲೇ ತಯಾರಾಗುತ್ತಿದ್ದ ಆ ಎಂಜಿನ್‌ಗಳನ್ನೇ ಜೋಡಿಯಾಗಿ ಕೂರಿಸಿದರು. ಶಬ್ದದ ಎರಡು ಪಟ್ಟು ವೇಗದ ಕನಸಿಗೆಂದು ಕಡೆದ ಮೈ, ಸಮತಟ್ಟು ಹಾರಾಟದಲ್ಲಿ ಶಬ್ದದ ವೇಗದ ಆಸುಪಾಸಿನಲ್ಲೇ ನಿಂತಿತು.

ಪಾರ್ಕಿನಲ್ಲಿ ಆ ನಡುವನ್ನು ಮತ್ತೆ ನೋಡುವಾಗ ನನಗೆ ರುಚಿಸುವುದು ಇದೇ. ಆಕಾರದಲ್ಲಿ ಎಲ್ಲೂ ರಾಜಿಯ ಗುರುತಿಲ್ಲ. ಬಾರದ ಎಂಜಿನ್‌ಗೆ ಎಳೆದ ಗೆರೆಯನ್ನು ಬಂದ ಎಂಜಿನ್‌ಗಾಗಿ ದಪ್ಪ ಮಾಡಲಿಲ್ಲ, ಮೊಂಡು ಮಾಡಲಿಲ್ಲ. ಸೋತ ವಿಮಾನ ಎಂದು ಷರಾ ಬರೆಯುವವರು ಕಡತ ನೋಡಿದ್ದಾರೆ, ಗೆರೆ ನೋಡಿಲ್ಲ. ಕಡತವೂ ಅಷ್ಟೇನೂ ಕೆಟ್ಟದ್ದಲ್ಲ: ನೆಲಕ್ಕೆ ತೀರ ಹತ್ತಿರ ಹಾರುವಾಗ ಇದು ಸ್ಥಿರ, 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಚೆನ್ನಾಗಿ ದುಡಿಯಿತು, ಒಂದು ಎಂಜಿನ್ ಕೆಟ್ಟರೂ ಇನ್ನೊಂದನ್ನೇ ನಂಬಿ ಮನೆಗೆ ಮರಳಿತು.

ಬಲ ಹೆಚ್ಚಿಸುವ ಯತ್ನ ನಿಲ್ಲಲಿಲ್ಲ. ಹಿಂಬದಿಯಲ್ಲಿ ಮರು-ಉರಿ ಜೋಡಿಸಿದ ಮಾರುತ್ ಹಾರಿಸುತ್ತಿದ್ದಾಗಲೇ, 1970ರ ಜನವರಿ 10ರಂದು ಸುರಂಜನ್ ದಾಸ್ ಬೆಂಗಳೂರಿನಲ್ಲಿ ವಿಮಾನ ಬಿದ್ದು ಸತ್ತರು. ಹಳೆ ವಿಮಾನ ನಿಲ್ದಾಣ ರಸ್ತೆಯನ್ನು ಹಳೆ ಮದ್ರಾಸ್ ರಸ್ತೆಗೆ ಕೂಡಿಸುವ ದಾರಿಗೆ ಅವರ ಹೆಸರಿದೆ. ಸಿಗ್ನಲ್ಲಿಗೆ ಬೈಯುವವರ ಬಾಯಲ್ಲಿ ದಿನವೂ ಬರುತ್ತದೆ.

ಒಟ್ಟು 147 ಮಾರುತ್‌ಗಳು ತಯಾರಾದವು. ಬೆಂಗಳೂರಿನಲ್ಲಿ ಎಚ್‌ಎಎಲ್ ಸಂಗ್ರಹಾಲಯದಲ್ಲಿ, ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿನಲ್ಲಿ ನೋಡಬಹುದು. ಜರ್ಮನರೂ ತಮ್ಮ ಟ್ಯಾಂಕ್‌ನ ಕೈಕೆಲಸವೆಂದು ಒಂದನ್ನು ಮ್ಯೂನಿಕ್ ಬಳಿಯ ಶ್ಲೈಸ್‌ಹೈಮ್‌ನ ಸಂಗ್ರಹಾಲಯದಲ್ಲಿ ಇಟ್ಟುಕೊಂಡಿದ್ದಾರೆ. ಹಿಂಜವಾಡಿಯವರಿಗೆ ಕಮಲಾ ನೆಹರೂ ಪಾರ್ಕೇ ಹತ್ತಿರ. ಬೆಳಿಗ್ಗೆ ಬೇಗ ಹೊರಟರೆ ಟ್ರಾಫಿಕ್ಕೂ ಕಡಿಮೆ.